ಮಾವನ ಎಡಗೈಗೊಂದು ಗಾಳದ ಕೋಲು

ನನ್ನ ಗಂಡನ ಮನೆತನದಲ್ಲಿ ಗಾಳ ಹಾಕುವವರನ್ನು ಮನುಷ್ಯರ ಲೆಕ್ಕಕ್ಕೆ ಹಿಡಿಯುತ್ತಿರಲಿಲ್ಲ. ಕಾಗಿಣಾ ಹೊಳೆಯ ದಂಡೆಯಲ್ಲಿ ತಲೆತಲಾಂತರದಿಂದ ಬಲೆ ಬೀಸಿಕೊಂಡು ಬಂದ ಜನ ಅವರು. ಬಲೆ ಎಂದರೆ ಮರ್ಯಾದೆ, ಗಾಳ ಎಂದರೆ ಕೆಲಸವಿಲ್ಲದವರ ಚಟ. ರಜೆಯ ದಿನ ದಂಡೆಯ ಮೇಲೆ ಕೋಲು ಹಿಡಿದು ಕೂತ ಯಾವನಾದರೂ ಮಾಸ್ತರ ಕಣ್ಣಿಗೆ ಬಿದ್ದರೆ ನಮ್ಮ ಮಾವ ಎದೆಮಟ್ಟದ ನೀರಿನಲ್ಲಿ ನಿಂತೇ ಕೂಗುತ್ತಿದ್ದರಂತೆ: "ಏನ್ರಿ ಮಾಸ್ತರ, ಮೀನಕ್ಕ ಪಾಠ ಹೇಳ್ಲಿಕತ್ತೀರೇನು?"

ನಾನು ಹೊಳೆಯ ಕಡೆಯವಳಲ್ಲ. ಸೇಡಂ ತಾಲೂಕಿನ ಮುಧೋಳದ ಕಡೆಯ ಒಣಬೇಸಾಯದ ಮನೆ ನಮ್ಮದು. ಕುಲ ಒಂದೇ ಆದರೂ ನಮ್ಮ ಪಾಲಿಗೆ ಬಂದದ್ದು ತೊಗರಿ ಮತ್ತು ಜೋಳ, ಅವರ ಪಾಲಿಗೆ ಬಂದದ್ದು ನೀರು. ಮದುವೆಯಾಗುವವರೆಗೆ ಮೀನಿಗೆ ರೆಪ್ಪೆ ಇಲ್ಲವೆಂಬುದೂ ನನಗೆ ಗೊತ್ತಿರಲಿಲ್ಲ. ಗಂಡನ ಮನೆಯ ಮೊದಲ ಊಟದಲ್ಲಿ ತಾಟಿನೊಳಗಿಂದ ಅದು ನನ್ನನ್ನೇ ನೋಡುತ್ತಿದ್ದುದನ್ನು ಕಂಡು ನಾನು ಸೆರಗು ಸರಿ ಮಾಡಿಕೊಂಡಿದ್ದೆ. ಆ ಮನೆಯಲ್ಲಿ ಹೆಂಗಸರು ಬಲೆಯನ್ನು ದಾಟುವಂತಿರಲಿಲ್ಲ, ಮುಟ್ಟುವಂತಿರಲಿಲ್ಲ. ಮೀನು ಹೊರಬಹುದು, ಮಾರಬಹುದು, ಹೆಚ್ಚಬಹುದು, ಅದರ ನಾತವನ್ನು ಮೈತುಂಬ ಹೊತ್ತುಕೊಂಡು ಮಲಗಬಹುದು. ಬಲೆಗೆ ಕೈ ಹಚ್ಚಿದರೆ ಮಾತ್ರ ಹೊಳೆಗೆ ಮೈಲಿಗೆಯಂತೆ. ಊರಿನ ಎಮ್ಮೆಗಳೆಲ್ಲ ಬಿದ್ದು ಹೊರಳಾಡುವ ಹೊಳೆಗೆ!

ಮಾವ ಬಲೆ ಬೀಸುವುದನ್ನು ನಾನು ಎರಡೋ ಮೂರೋ ಸಲ ನೋಡಿದ್ದೆ. ಒಪ್ಪಿಕೊಳ್ಳಬೇಕು, ಬಾಯಿ ಮುಚ್ಚಿಕೊಂಡು ನೋಡಬೇಕಾದಂಥ ಕೆಲಸ. ಆಮೇಲೆ ಒಂದು ಮಳೆಗಾಲದ ಶುರುವಿಗೆ ಪಾಚಿಗಟ್ಟಿದ ಫರ್ಸಿ ಕಲ್ಲಿನ ಚಪ್ಪಡಿಯ ಮೇಲೆ ಕಾಲು ಜಾರಿ ಬಿದ್ದರು. ಬಲಭುಜ ಕಳಚಿತು. ಎಲುಬು ಕೂಡಿಸುವವನು ಕೂಡಿಸಿದ, ಎಣ್ಣೆ ಹಚ್ಚಿದ, ಕಟ್ಟು ಕಟ್ಟಿದ. ಕಟ್ಟು ಬಿಚ್ಚಿದಾಗ ಬಲಗೈ ಎದೆಯ ಮಟ್ಟಕ್ಕಿಂತ ಮೇಲೆ ಏಳಲೇ ಇಲ್ಲ. ಅತ್ತೆ ತೀರಿಕೊಂಡು ಆಗಲೇ ಬಹಳ ವರ್ಷವಾಗಿತ್ತು. ವಾಡಿಯ ಸಿಮೆಂಟ್ ಕಾರ್ಖಾನೆಯಲ್ಲಿ ಫಿಟ್ಟರ್ ಆಗಿದ್ದ ನನ್ನ ಗಂಡ ಹೋಗಿ ಅಪ್ಪನನ್ನು ಕ್ವಾರ್ಟರ್ಸಿಗೆ ಕರೆತಂದರು. ಮಾವ ತಮ್ಮ ಜೊತೆ ಒಂದು ಟ್ರಂಕು ಮತ್ತು ಬಲೆಯನ್ನು ತಂದರು. ಬಲೆಯನ್ನು ಪಡಸಾಲೆಯ ಗೂಟಕ್ಕೆ ತೂಗುಹಾಕಿಸಿ, ಅದರ ಎದುರಿಗೆ ಹಗ್ಗದ ಹೊರಸು ಹಾಕಿಸಿಕೊಂಡು ಕೂತರು. ಅಷ್ಟೇ, ಮುಂದೆ ಎಂಟು ತಿಂಗಳು ಅಲ್ಲಿಂದ ಏಳಲಿಲ್ಲ.

ಮೊದಲು ಯಾವಾಗ ಬಂದರೂ ನನ್ನ ಅಡುಗೆಗೆ ಹೆಸರಿಡದೆ ಎದ್ದವರಲ್ಲ. "ಮುಧೋಳದವರು ಮೀನ ಕುದಿಸಿದ್ರ ಅದು ಬ್ಯಾಳಿ ಆಗ್ತದ" ಎನ್ನುತ್ತಿದ್ದರು. ನಾನೂ ಸುಮ್ಮನಿರುವವಳಲ್ಲ, ತಲೆಯ ಮೇಲೆ ಸೆರಗಿದ್ದರೂ ಬಾಯಿಗೆ ಸೆರಗಿರಲಿಲ್ಲ. ಈ ಸಲ ಮಾತ್ರ ಏನಿಟ್ಟರೂ ಉಂಡರು, ಅರ್ಧಕ್ಕೇ ತಾಟು ಸರಿಸಿದರು, ಒಂದು ಮಾತಿಲ್ಲ. ಒಂದು ದಿನ ಬೇಕೆಂದೇ ಸಾರಿಗೆ ಉಪ್ಪು ಹಾಕದೆ ಬಡಿಸಿದೆ. ತುತ್ತು ಬಾಯಿಗಿಟ್ಟರು, ನುಂಗಿದರು, ಕೈ ತೊಳೆದುಕೊಂಡು ಬಲೆಯ ಕಡೆ ಮುಖ ಮಾಡಿ ಕೂತರು. ಅವತ್ತು ನನಗೆ ನಿಜವಾಗಿ ಭಯವಾಯಿತು. ಈ ಮನುಷ್ಯ ಹೀಗೇ ಕೂತಲ್ಲೇ ಸವೆದು ಮುಗಿದುಹೋಗುತ್ತಾರೆ ಎಂದು ಖಾತ್ರಿಯಾಯಿತು.

ನಾನೇನೂ ದೊಡ್ಡ ಗುಣವಂತೆಯಲ್ಲ. ಒಂದೇ ಕೋಣೆಯ ಮನೆಯಲ್ಲಿ ಮಾತಾಡದ ಮಾವ ಕೂತಿದ್ದರೆ ಸೊಸೆ ಸೀನಬೇಕಾದರೂ ಯೋಚಿಸಬೇಕು. ಅವರು ಮತ್ತೆ ನೀರಿನ ದಂಡೆಗೆ ಹೋಗಲಿ ಎಂದು ನಾನು ಬಯಸಿದ್ದರಲ್ಲಿ ಅರ್ಧ ಮರುಕ, ಅರ್ಧ ಸ್ವಾರ್ಥ. ಗಂಡನಿಗೆ ಹೇಳಿದರೆ, "ವಯಸ್ಸಾಗ್ಯದ, ಬಿಡು" ಎಂದು ಡ್ಯೂಟಿಗೆ ನಡೆದರು.

ನಲ್ಲಿಯಲ್ಲಿ ನೀರು ಬಾರದ ದಿನ ಕ್ವಾರ್ಟರ್ಸಿನ ಹೆಂಗಸರೆಲ್ಲ ಬಟ್ಟೆಯ ಗಂಟು ಹೊತ್ತು ಒಂದೂವರೆ ಮೈಲಿ ದೂರದ ಹಳ್ಳಕ್ಕೆ ಹೋಗುತ್ತಿದ್ದೆವು. ಫರ್ಸಿ ಕಲ್ಲೇ ತಳವಾಗಿದ್ದ ಹಳ್ಳ ಅದು. ನೀರು ಮೊಳಕಾಲಿಗಿಂತ ಆಳವಿಲ್ಲ. ಬೇಸಿಗೆಯಲ್ಲೂ ಅಲ್ಲಲ್ಲಿ ಮಡು ಉಳಿಯುತ್ತಿತ್ತು. ಅಲ್ಲಿ ಭಾನುವಾರ ಒಬ್ಬ ಆಂಗ್ಲೋ-ಇಂಡಿಯನ್ ಮುದುಕ ಬಂದು ಕೂರುತ್ತಿದ್ದ. ರೈಲ್ವೆಯಲ್ಲಿ ಎಂಜಿನ್ ಡ್ರೈವರ್ ಆಗಿ ನಿವೃತ್ತನಾದವನು. ತಲೆಗೆ ಟೊಪ್ಪಿಗೆ, ಚಡ್ಡಿ, ಕೈಯಲ್ಲೊಂದು ಕಡ್ಡಿಯಂಥ ಕೋಲು, ಅದಕ್ಕೊಂದು ಪುಟ್ಟ ಚಕ್ರ. ಬೆರಳುದ್ದದ ಮೀನು ಹಿಡಿಯುತ್ತಿದ್ದ, ಕನ್ನಡಕ ಏರಿಸಿ ಅದನ್ನು ನೋಡುತ್ತಿದ್ದ, ಮತ್ತೆ ನೀರಿಗೇ ಬಿಡುತ್ತಿದ್ದ. ನಾವು ಒಗೆಯುವುದನ್ನು ಬಿಟ್ಟು ಬಿದ್ದು ಬಿದ್ದು ನಗುತ್ತಿದ್ದೆವು. ಬಿಡುವುದಾದರೆ ಹಿಡಿಯುವುದು ಯಾಕೆ? ಬಿಸಿಲಿಗೆ ತಲೆ ಕೆಟ್ಟಿದೆ ಎಂದು ತೀರ್ಮಾನ ಮಾಡಿದ್ದೆವು.

ಒಂದು ಭಾನುವಾರ ನನಗೆ ನಗು ಬರಲಿಲ್ಲ. ಅವನು ಇಡೀ ಕೆಲಸವನ್ನು ಎಡಗೈ ಒಂದರಿಂದಲೇ ಮಾಡುತ್ತಿದ್ದುದು ಆಗ ಕಣ್ಣಿಗೆ ಬಿತ್ತು. ಬಲಗೈ ಸಿಗರೇಟಿಗೆ ಮೀಸಲಾಗಿತ್ತು.

ಒದ್ದೆ ಸೀರೆಯಲ್ಲೇ ಎದ್ದು ಹೋಗಿ ಕೇಳಿದೆ. "ಡ್ರೈವರ್ ಸಾಬ, ಇದು ಎಷ್ಟು ಭಾರ ಅದ್ರಿ?"

ಮುದುಕ ಕೋಲನ್ನು ನನ್ನ ಕೈಗಿಟ್ಟ. ನನ್ನ ಸಾರಿನ ಸೌಟಿಗಿಂತ ಹಗುರವಾಗಿತ್ತು. ಎಲ್ಲಿ ಕೊಂಡದ್ದೆಂದು ಕೇಳಿದರೆ ಕೈಯನ್ನು ಆಕಾಶದ ಕಡೆ ತೋರಿಸಿದ. ವಿಲಾಯತಿಯ ಯಾರೋ ನೆಂಟರು ಕಳಿಸಿದ್ದಂತೆ. ಆಮೇಲೆ ತನ್ನ ಹಿಂದೂಸ್ತಾನಿಯಲ್ಲಿ ನನಗೊಂದು ಪಾಠವನ್ನೇ ಹೇಳಿದ. ಮೀನು ಸಣ್ಣದಿದ್ದಾಗ ಕೋಲು ದಪ್ಪವಿದ್ದರೆ ಎರಡು ಕಷ್ಟ: ಮಣಿಕಟ್ಟು ಸೋಲುತ್ತದೆ, ಮೀನು ಬಂದದ್ದೂ ತಿಳಿಯುವುದಿಲ್ಲ. ತುದಿ ನಡುಗಬೇಕು, ಬುಡ ಸುಮ್ಮನಿರಬೇಕು. ಕೊನೆಗೆ ಕಣ್ಣುಮುಚ್ಚಿ ತೋರಿಸಿದ. "ಹಾಥ್ ಮೇ ಹೈ, ಭೂಲ್ ಜಾನಾ. ಬಸ್, ವಹೀ ಅಚ್ಛಾ." ಕೈಯಲ್ಲಿ ಕೋಲಿದೆ ಎಂಬುದೇ ಮರೆತುಹೋಗಬೇಕು, ಅಂಥದ್ದನ್ನು ಆರಿಸಬೇಕು.

ಮುಂದಿನ ಎರಡು ವಾರ ನನಗೆ ಕೋಲಿನ ಹುಚ್ಚು ಹತ್ತಿತು. ತವರಿಂದ ಬಂದಿದ್ದ ಒಲೆಯ ಸೌದೆಯಲ್ಲಿ ಉದ್ದನೆಯ ತೊಗರಿ ಕಟ್ಟಿಗೆ ಹುಡುಕಿ ಹಿಡಿದು ನೋಡಿದೆ. ಹಗುರವೇ, ಆದರೆ ಬಾಗಿಸಿದರೆ ಲಟಕ್ಕನೆ ಮುರಿಯಿತು. ಜೋಳದ ದಂಟು ಇನ್ನೂ ಹಗುರ, ಇನ್ನೂ ಬೇಗ ಮುರಿಯಿತು. ಪೊರಕೆಯ ಕೋಲು, ಹಳೆಯ ಛತ್ರಿ, ಸೊಳ್ಳೆಪರದೆಯ ಗಳ, ಯಾವುದನ್ನೂ ಬಿಡಲಿಲ್ಲ. ಬಲಗೈಯಲ್ಲಿ ಸಾರು ತಿರುವುತ್ತ, ಎಡಗೈಯಲ್ಲಿ ಕೋಲು ಹಿಡಿದು, ಕಣ್ಣುಮುಚ್ಚಿ ನಿಂತು, ಮರೆಯುತ್ತದೋ ಇಲ್ಲವೋ ಎಂದು ಪರೀಕ್ಷೆ ಮಾಡುತ್ತಿದ್ದೆ. ಒಂದು ದಿನ ಗಂಡ ಬಾಗಿಲಲ್ಲಿ ನಿಂತು ಎಷ್ಟೋ ಹೊತ್ತು ನೋಡಿ, ಮೆಲ್ಲಗೆ ಕೇಳಿದರು. "ಯಾವ ದೇವರು ಬಂದದ?"

ಕೊನೆಗೆ ಬಿದಿರೇ ಆಗಬೇಕು ಎಂದು ನಿರ್ಧರಿಸಿ ಸಂತೆಯ ದಿನ ಪ್ಯಾಸೆಂಜರ್ ಗಾಡಿ ಹತ್ತಿ ಚಿತ್ತಾಪುರಕ್ಕೆ ಹೋದೆ. ಬುಟ್ಟಿ ಹೆಣೆಯುವ ಮುದುಕನೊಬ್ಬ ಸಂತೆಯ ಅಂಚಿನಲ್ಲಿ ಬಿದಿರಿನ ರಾಶಿ ಹಾಕಿಕೊಂಡಿದ್ದ. ನಾನು ಹೋಗಿ ಒಂದೊಂದೇ ಗಳ ಎತ್ತಿ, ತೂಗಿ, ತುದಿ ಅಲುಗಾಡಿಸಿ ನೋಡತೊಡಗಿದೆ.

"ಯಾರಿಗೆ ಬೇಕವಾ?" ಎಂದ.

"ನಮ್ಮ ಮಾವಗ್ರಿ. ಭಾಳ ಹಗೂರ ಇರಬೇಕು."

ಮುದುಕ ಹೆಣೆಯುತ್ತಿದ್ದ ಬುಟ್ಟಿಯನ್ನು ಕೆಳಗಿಟ್ಟ. "ಎಷ್ಟು ಎತ್ತರ ಇದ್ದಾರ?"

ಭೇಷ್, ಕಸಬು ಬಲ್ಲವನು ಎಂದುಕೊಂಡೆ. ಡ್ರೈವರನ ಕೋಲೂ ಆಳೆತ್ತರಕ್ಕಿಂತ ತುಸು ಉದ್ದವಿತ್ತು. ಮಾವನ ಎತ್ತರ ಹೇಳಿದೆ. ಅವನು ರಾಶಿಯ ಅಡಿಯಿಂದ ಸಮನಾದ ಎರಡು ಹಸಿ ಬಿದಿರು ಎಳೆದು ಕೊಟ್ಟ. ಎರಡರಲ್ಲಿ ಯಾವುದು ಒಳ್ಳೆಯದೆಂದು ತಿಳಿಯದೆ ಎರಡನ್ನೂ ತೆಗೆದುಕೊಂಡೆ. ನಾನು ಚೌಕಾಸಿಗೆ ಸೊಂಟ ಕಟ್ಟಿ ನಿಂತಿದ್ದರೆ ಅವನು ಬೆಲೆಯನ್ನೇ ಎತ್ತಲಿಲ್ಲ, "ನಿಮಗ ತಿಳಿದಷ್ಟು ಕೊಡ್ರಿ" ಎಂದ. ಹೊಸ ಹಗ್ಗದಿಂದ ಎರಡನ್ನೂ ಬಿಗಿಯಾಗಿ ಕಟ್ಟಿಕೊಟ್ಟು, ಕೈಮುಗಿದ. ನನ್ನ ಮುಖದಲ್ಲೇ ಒಂದು ಗತ್ತು ಇರಬೇಕು ಎಂದು ಭಾವಿಸಿ ನಾನು ಎದೆಯುಬ್ಬಿಸಿ ನಡೆದೆ. ಬೇಸಿಗೆ ಬರುತ್ತಿದೆಯಲ್ಲ ಎಂದು ಪಕ್ಕದಲ್ಲೇ ನೀರಿಗೊಂದು ಹೊಸ ಮಣ್ಣಿನ ಗಡಿಗೆಯನ್ನೂ ಕೊಂಡೆ.

ವಾಪಸು ಗಾಡಿಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಆದರೂ ನಾನು ಹತ್ತಿದ ಕೂಡಲೇ ಇಡೀ ಬೆಂಚು ತೆರವಾಯಿತು. ಬೀಡಿ ಸೇದುತ್ತಿದ್ದವನು ಬೀಡಿ ಆರಿಸಿದ. ಒಬ್ಬಳು ನೀರು ಕೊಟ್ಟಳು. ಮಾವನ ಊರಿನ ಕಡೆಯ ಒಬ್ಬ ಮುದುಕಿ, ನನ್ನ ಮದುವೆಯಲ್ಲಿ ಕಂಡವಳು, ಎದುರಿಗೆ ಕೂತು ನನ್ನ ಮೊಣಕೈ ಸವರಿ ಹೇಳಿದಳು. "ಹೊಳಿ ದಂಡಿ ಮ್ಯಾಲ ನಿಮ್ಮ ಮಾವನಂಥ ಮನಿಷ್ಯಾ ಇನ್ನೊಬ್ಬ ಇಲ್ಲವಾ." ನಾನು ಹೌದೆಂದು ತಲೆದೂಗಿದೆ. ಆಕೆ ವಾಡಿಯಲ್ಲಿ ನನ್ನ ಜೊತೆಗೇ ಇಳಿದು, ಕಣ್ಣೊರೆಸಿಕೊಳ್ಳುತ್ತ ಶಹಾಬಾದ್ ಕಡೆಯ ಗಾಡಿಗೆ ಓಡಿದಳು. ಜಗತ್ತಿನಲ್ಲಿ ಒಳ್ಳೆಯತನ ಇನ್ನೂ ಇದೆ ಎಂದು ನನಗೆ ಅನ್ನಿಸಿತು.

ಹೆಗಲ ಮೇಲೆ ಬಿದಿರು, ಸೊಂಟದಲ್ಲಿ ಗಡಿಗೆ, ಗಾಳಿಗೆ ಕೆದರಿದ ಕೂದಲು. ಹೀಗೆ ನಾನು ಕ್ವಾರ್ಟರ್ಸಿನ ಸಾಲು ಹೊಕ್ಕೆ. ಪಕ್ಕದ ಮನೆಯವಳು ಹೊರಗೆ ಕೂತು ಜೋಳ ಕೇರುತ್ತಿದ್ದಳು. ನನ್ನನ್ನು ನೋಡಿದ್ದೇ ಮೊರ ಎಸೆದು, ಎದೆ ಬಡಿದುಕೊಂಡು, "ಯವ್ವಾ, ಹಿರೇರು ಹೋದ್ರಲ್ಲೋ!" ಎಂದು ಶುರುಮಾಡಿದಳು.

ಆಗ ನನ್ನ ತಲೆಗೆ ಹೊಳೆಯಿತು. ನಮ್ಮ ಕಡೆ ಸಮನಾದ ಎರಡು ಹಸಿ ಬಿದಿರನ್ನು ಒಟ್ಟಿಗೆ ಕೊಳ್ಳುವುದು ಒಂದೇ ಕೆಲಸಕ್ಕೆ, ಹೆಣ ಹೊರುವ ಚಟ್ಟಕ್ಕೆ. ಅದಕ್ಕೆ ಯಾರೂ ಚೌಕಾಸಿ ಮಾಡುವುದಿಲ್ಲ. ಜೊತೆಗೊಂದು ಹೊಸ ಗಡಿಗೆ ಇದ್ದರೆ ಕೇಳುವುದಕ್ಕೇ ಏನೂ ಉಳಿಯುವುದಿಲ್ಲ. ಆ ಸಾಮಾನು ತರುವುದು ಯಾವಾಗಲೂ ಗಂಡಸರ ಕೆಲಸವಾದ್ದರಿಂದ, ಮತ್ತು ನನ್ನ ತಲೆಯಲ್ಲಿ ಎರಡು ವಾರದಿಂದ ಗಾಳದ ಕೋಲಲ್ಲದೆ ಬೇರೇನೂ ಇರಲಿಲ್ಲವಾದ್ದರಿಂದ, ನಾನು ಜೀವಂತ ಮಾವನ ಚಟ್ಟವನ್ನು ಮೂರು ಸ್ಟೇಷನ್ನಿನ ಜನರ ಮುಂದೆ ಮೆರವಣಿಗೆ ಮಾಡಿಸಿಕೊಂಡು ತಂದಿದ್ದೆ.

ನಾನು "ಇಲ್ರಿ, ಇಲ್ರಿ" ಎನ್ನುವಷ್ಟರಲ್ಲಿ ಮನೆಯ ಮುಂದೆ ಮೂವತ್ತು ಜನ ಸೇರಿದರು. ಮಾವನ ಜೊತೆ ಒಂದು ದಿನವೂ ಮಾತಾಡದ ಎದುರುಮನೆಯಾತ "ಭಾಳ ಛಲೋ ಮನಿಷ್ಯಾ" ಎಂದು ಗೋಳಾಡುತ್ತಿದ್ದ. ಯಾರೋ ಕಾರ್ಖಾನೆಯ ಗೇಟಿಗೆ ಓಡಿ ಸುದ್ದಿ ಮುಟ್ಟಿಸಿದ್ದರು. ನನ್ನ ಗಂಡ ಗ್ರೀಸು ಮೆತ್ತಿದ ಬಟ್ಟೆಯಲ್ಲೇ "ಅಪ್ಪಾ" ಎಂದು ಕೂಗುತ್ತ, ಚಪ್ಪಲಿಯಿಲ್ಲದೆ ಓಡಿ ಬಂದರು. ವಯಸ್ಸಾಗ್ಯದ ಬಿಡು ಎಂದಿದ್ದ ಮನುಷ್ಯ ಹಾಗೆ ಅಳುವುದನ್ನು ನಾನು ಅದೇ ಮೊದಲ ಸಲ ಕಂಡೆ.

ಗದ್ದಲ ಕೇಳಿ ಮಾವ ಬಾಗಿಲಿಗೆ ಬಂದರು. ಎಲ್ಲರ ಬಾಯಿಯೂ ಒಟ್ಟಿಗೆ ಮುಚ್ಚಿತು.

"ಯಾರು ಹೋದ್ರು?" ಎಂದರು.

ಪಕ್ಕದ ಮನೆಯವಳಿಗೆ ತಾನು ಅತ್ತದ್ದು ದಂಡವಾಯಿತೆಂದು ಸಿಟ್ಟು ಬಂದಿತ್ತು. "ನೀವು ಹೋದ್ರಿ ಅಂತ ತಿಳ್ಕೊಂಡಿದ್ವಿ" ಎಂದು ಮುಖ ಸಿಂಡರಿಸಿಕೊಂಡು ಮೊರ ಹುಡುಕಲು ಹೋದಳು. ಮಾವ ಅಳುತ್ತಿದ್ದ ಮಗನನ್ನು ನೋಡಿದರು, ಬಿದಿರು ನೋಡಿದರು, ಗಡಿಗೆ ನೋಡಿದರು, ಕೊನೆಗೆ ನನ್ನನ್ನು ನೋಡಿದರು.

"ಗಾಳದ ಕೋಲಿಗೆ ತಂದೀನ್ರಿ ಮಾವ. ನಿಮಗ" ಎಂದೆ.

ಇಷ್ಟು ದಡ್ಡ ಮಾತನ್ನು ನಾನು ಜೀವಮಾನದಲ್ಲಿ ಮತ್ತೆ ಆಡಿಲ್ಲ. ಮೂವತ್ತು ಜನರ ಮುಂದೆ ಸತ್ತವರು ಅನ್ನಿಸಿಕೊಂಡದ್ದನ್ನಾದರೂ ಅವರು ತಡೆದುಕೊಳ್ಳುತ್ತಿದ್ದರೇನೋ. ಗಾಳ ಎಂಬ ಮಾತು ಕೇಳಿದ್ದೇ ಮುಖ ಸಣ್ಣದಾಯಿತು. ಒಳಗೆ ಹೋಗಿ ಗೋಡೆಯ ಕಡೆ ತಿರುಗಿ ಮಲಗಿದರು. ಅವತ್ತು ಊಟಕ್ಕೂ ಏಳಲಿಲ್ಲ. ಗಂಡ ನನಗೆ ಬೈಯಲೂ ಇಲ್ಲ, ಅದು ಇನ್ನೂ ಕಷ್ಟವಾಯಿತು. ನಾನು ಹಿತ್ತಲಿನಲ್ಲಿ ಆ ಎರಡು ಬಿದಿರುಗಳ ಪಕ್ಕ ಕೂತು ಅತ್ತೆ.

ಮರುದಿನ ಬೆಳಗ್ಗೆ ಮಾವನ ಜೋಡಿದಾರ ಬಂದರು. ಮೂವತ್ತು ವರ್ಷ ಮಾವನ ಜೊತೆ ನೀರಿಗಿಳಿದ ಗಿಡ್ಡ ಆಳು, ದೊಡ್ಡ ಗಂಟಲು. ಗಾಡಿಯಲ್ಲಿ ನನ್ನ ಮೊಣಕೈ ಸವರಿದ ಮುದುಕಿ ಊರಿಗೆಲ್ಲ ಸಾರಿದ್ದಳು. ಪೇಪರಿನಲ್ಲಿ ಸುತ್ತಿದ ಚೆಂಡುಹೂವಿನ ಹಾರ ಹಿಡಿದು, ಸಾಲಿನ ತುದಿಯಿಂದಲೇ ಅಳುತ್ತ ಬಂದವರು ಪಡಸಾಲೆಯಲ್ಲಿ ಚಹಾ ಕುಡಿಯುತ್ತಿದ್ದ ಮಾವನನ್ನು ಕಂಡು ಅಲ್ಲೇ ನಿಂತರು.

"ಯಾಕ ಬಂದಿ?" ಎಂದರು ಮಾವ.

"ನಿನ್ನ ನೋಡ್ಲಿಕ್ಕ."

"ಹಾರ ತಗೊಂಡು ನೋಡ್ಲಿಕ್ಕ ಬರ್ತಾರೇನು?"

ಜೋಡಿದಾರರು ಹಾರವನ್ನು ಬೆನ್ನ ಹಿಂದೆ ಮಾಡಿಕೊಂಡರು. ಅವರ ಕಣ್ಣು ಗೂಟದ ಕಡೆ ಹೋಗಿ ಬಂತು. ಅದನ್ನು ನಾನೂ ಕಂಡೆ, ಮಾವನೂ ಕಂಡರು. ಆ ಮನೆತನಗಳಲ್ಲಿ ಒಂದು ರೂಢಿ ಇತ್ತು. ಸತ್ತವನ ಬಲೆ ಮನೆಯಲ್ಲಿ ಉಳಿಯಬಾರದು, ಜೋಡಿದಾರ ಬಂದು ಒಯ್ಯಬೇಕು, ಅವನೇ ಅದನ್ನು ಹೊಳೆಗೆ ಬೀಸಬೇಕು.

"ಖರೇ ಹೇಳ್ತೀನಿ ಅಣ್ಣಾ" ಎಂದು ಜೋಡಿದಾರರು ನೆಲಕ್ಕೆ ಕೂತುಬಿಟ್ಟರು. "ರೈಲಿನಾಗ ದಾರಿ ಪೂರಾ ಅತ್ಗೋತ ಬಂದೀನಿ. ಆದ್ರ ಬಲೀನೂ ನೆನಪಿನಾಗ ಇತ್ತು. ನಂದು ಹರಿದು ಚಿಂದಿ ಆಗ್ಯದ."

ಮಾವ ಅವರನ್ನು ದಿಟ್ಟಿಸಿ ನೋಡಿದರು. ಆಮೇಲೆ ಮೂಗಿನಿಂದ ಒಂದು ಸದ್ದು ಬಂತು. ಕೆಮ್ಮು ಎಂದುಕೊಂಡೆ. ಅಲ್ಲ, ನಗು. ಎಂಟು ತಿಂಗಳು ಬಳಸದೆ ಇಟ್ಟ ನಗು ತುಕ್ಕು ಹಿಡಿದಿತ್ತು ಅಷ್ಟೇ. ಇಬ್ಬರೂ ಮುದುಕರು ಹೊಟ್ಟೆ ಹಿಡಿದುಕೊಂಡು ನಕ್ಕರು.

ನಕ್ಕು ಮುಗಿದ ಮೇಲೆ ಮಾವ ಎದ್ದರು. ಎಡಗೈಯಿಂದ ಬಲೆಯನ್ನು ಗೂಟದಿಂದ ಬಿಡಿಸತೊಡಗಿದರು. ಸೀಸದ ಗುಂಡುಗಳ ಭಾರಕ್ಕೆ ಅದು ಜಗ್ಗುತ್ತಿತ್ತು. ನಾನು ಮುಟ್ಟುವಂತಿರಲಿಲ್ಲ. ಜೋಡಿದಾರರು ಮುಟ್ಟಬಹುದಿತ್ತು, ಆದರೂ ಕೈ ಕಟ್ಟಿ ನಿಂತರು. ಆ ಗಿಡ್ಡ ಮನುಷ್ಯನ ಮೇಲೆ ನನಗೆ ಗೌರವ ಬಂದದ್ದು ಅದಕ್ಕೇ. ಕೊನೆಗೆ ಬಲೆ ಗೂಟ ಬಿಟ್ಟು ಗುಂಡುಗಳ ಸದ್ದಿನೊಂದಿಗೆ ನೆಲಕ್ಕೆ ಬಿತ್ತು.

"ಒಯ್ಯಿ" ಎಂದರು ಮಾವ. "ಗ್ವಾಡಿಗಿ ತೂಗಬಿಟ್ರ ಇಲಿ ಕಡೀತಾವ. ನೀರು ಕಾಣಲಿ ಅದು. ಹಾರಾನೂ ಅದಕ್ಕ ಹಾಕು, ಹೂವು ದಂಡ ಯಾಕ ಮಾಡ್ತಿ?"

ಜೋಡಿದಾರರು ಹಾರ ಹಾಕಿದ ಬಲೆಯನ್ನು ಹೆಗಲಿಗೇರಿಸಿ ಸ್ಟೇಷನ್ನಿನ ದಾರಿ ಹಿಡಿದರು. ಅವರು ತಿರುವಿನಲ್ಲಿ ಮರೆಯಾದ ಮೇಲೆ ಮಾವ ಖಾಲಿ ಗೂಟದ ಕೆಳಗೆ ಕೂತು ಅತ್ತರು. ಬಾಯಿಗೆ ಬಟ್ಟೆ ಇಟ್ಟುಕೊಳ್ಳದೆ, ಸಾಲಿನವರೆಲ್ಲ ಕೇಳುವಂತೆ ಅತ್ತರು. ನನಗೆ ಏನು ಮಾಡಬೇಕೆಂದು ತೋಚದೆ ಇನ್ನೊಂದು ಬಟ್ಟಲು ಚಹಾ ಮಾಡಿ ತಂದಿಟ್ಟೆ.

ಚಹಾ ಕುಡಿದು ಹಿತ್ತಲಿಗೆ ಹೋದರು. ಬಿದಿರನ್ನು ಕಾಲಿನಿಂದ ಒದ್ದು ಹೊರಳಿಸಿದರು.

"ಯಾವ ಖೋಡಿ ಕೊಟ್ಟಾನ ಇದನ್ನ? ಒಳಗ ನೀರು ತುಂಬಿ ಕುಂತದ. ಇದನ್ನ ಹಿಡದ್ರ ಇದ್ದೊಂದು ಕೈನೂ ಹೋಗ್ತದ. ಮುಧೋಳದವರಿಗಿ ಬಿದರು ಕೊಳ್ಳಲಿಕ್ಕೂ ಬರಂಗಿಲ್ಲ."

ಬೈಗುಳ ಕೇಳಿ ಅಷ್ಟು ಖುಷಿಪಟ್ಟ ಸೊಸೆ ಕಲಬುರಗಿ ಜಿಲ್ಲೆಯಲ್ಲೇ ಇನ್ನೊಬ್ಬಳು ಇರಲಿಕ್ಕಿಲ್ಲ.

ಗಾಳವನ್ನು ಜೀವನಪೂರ್ತಿ ಹಂಗಿಸಿದ ಮನುಷ್ಯನಿಗೆ ಗಾಳದ ಕೋಲಿನ ಬಗ್ಗೆ ಇಷ್ಟೆಲ್ಲ ಹೇಗೆ ಗೊತ್ತಿತ್ತೋ ಏನೋ. ಇಡೀ ಬಿದಿರು ಬೇಡ, ಸೀಳಬೇಕು ಎಂದರು. ಗಂಡ ಕುಡುಗೋಲಿನಿಂದ ಸೀಳಿ ಉದ್ದನೆಯ ಪಟ್ಟಿಗಳನ್ನು ತೆಗೆದರು. ಅವನ್ನು ನನ್ನ ಒಲೆಯ ಮೇಲೆ ಹೊಗೆಗೆ ಕಟ್ಟಿದೆವು. ಅಡುಗೆ ಮಾಡುವಾಗಲೆಲ್ಲ ತಲೆಗೆ ಬಡಿಯುತ್ತಿದ್ದವು. ಒಣಗಿದ ಮೇಲೆ ಮಾವ ಒಡೆದ ಕಂದೀಲಿನ ಗಾಜಿನಿಂದ ಅವನ್ನು ಹೆರೆಯತೊಡಗಿದರು. ಪಟ್ಟಿಯನ್ನು ಕಾಲ ಬೆರಳಿನಲ್ಲಿ ಅದುಮಿ ಹಿಡಿದು ಎಡಗೈಯಿಂದ ಹೆರೆಯುವುದು. ಡ್ರೈವರ್ ಹೇಳಿದ್ದನ್ನು ನಾನೇ ಕಂಡುಹಿಡಿದವಳಂತೆ ಅವರಿಗೆ ಹೇಳಿದೆ. ತುದಿ ನಡುಗಬೇಕು, ಬುಡ ಸುಮ್ಮನಿರಬೇಕು, ಕೈಯಲ್ಲಿದೆ ಅನ್ನೋದು ಮರೆಯಬೇಕು.

"ಯಾರು ಕಲಿಸ್ಯಾರ ನಿನಗ?"

"ತಿಳೀತದ್ರಿ."

ಮೊದಲನೆಯದು ಭಾರವಾಯಿತು. ಎರಡನೆಯದನ್ನು ಆಸೆಬುರುಕರಂತೆ ಹೆರೆದು ಹೆರೆದು ಮುರಿದರು. ಮೂರನೆಯದರ ತುದಿ ಒಳ್ಳೆಯದಿತ್ತು, ಬುಡ ಮಣಿಕಟ್ಟನ್ನು ಕೆಳಗೆ ಎಳೆಯುತ್ತಿತ್ತು. ಹಿಡಿಕೆಯ ಹಿಂದೆ ಇನ್ನೊಂದು ಗೇಣು ಉಳಿಸಿಕೊಂಡರೆ ತೂಕ ಕೈಯೊಳಗೇ ನಿಲ್ಲುತ್ತದೆ ಎಂದು ಅವರೇ ಕಂಡುಕೊಂಡರು. ನಾಲ್ಕನೆಯದನ್ನು ಕೈಯಲ್ಲಿ ಹಿಡಿದು ಕೂತ ದಿನ ಗಂಡನೂ ಮನೆಯಲ್ಲಿದ್ದರು. ಊರಿನ ಯಾವುದೋ ಹಳೆಯ ಜಗಳದ ಮಾತು ಬಂತು. ಭಂಕೂರಿನ ಕಲ್ಲುಖಣಿಯವರು ಹೊಳೆಯ ದಾರಿಗೆ ಕಲ್ಲು ಹಾಕಿದ್ದು, ಇವರೆಲ್ಲ ಹೋಗಿ ಅದನ್ನು ಕಿತ್ತದ್ದು. ಮಾವ ಹುರುಪಿನಲ್ಲಿ ಹೇಳುತ್ತ ಹೋದರು, ಎಡಗೈ ಮಾತಿನ ಜೊತೆ ಆಡುತ್ತ ಇತ್ತು, ಕೋಲಿನ ತುದಿ ಗಾಳಿಯಲ್ಲಿ ನಡುಗುತ್ತ ಇತ್ತು. ಜಗಳದ ಕತೆ ಮುಗಿದು, "ಎಲ್ಲಿ ಇಟ್ಟೆ ಆ ಕೋಲು?" ಎಂದು ಹೊರಸಿನ ಕೆಳಗೆ ಬಗ್ಗಿ ನೋಡಿದರು.

ಗಂಡ ನನ್ನ ಮುಖ ನೋಡಿದರು. ನಾನು ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡೆ. ಕೋಲು ಯಾವುದೆಂಬುದು ಅಲ್ಲಿಗೆ ತೀರ್ಮಾನವಾಯಿತು.

ಬಜಾರದಿಂದ ಇದ್ದುದರಲ್ಲಿ ಸಣ್ಣ ಗಾಳ ಮತ್ತು ನೈಲಾನ್ ದಾರ ತಂದೆ. ಜೋಳದ ದಂಟಿನ ಬೆಂಡನ್ನು ತೇಲಲೆಂದು ದಾರಕ್ಕೆ ಕಟ್ಟಿದೆ. ಆದರೆ ಮಾವ ಕೋಲು ಹಿಡಿದು ಸಾಲಿನಲ್ಲಿ ನಡೆಯಲು ಸುತರಾಂ ಒಪ್ಪಲಿಲ್ಲ. ಹೀಗಾಗಿ ನಾನು ಕೋಲಿಗೆ ಹಸಿ ಸೀರೆ ಸುತ್ತಿ, ಬಟ್ಟೆ ಒಣಹಾಕುವ ಗಳದಂತೆ ಹೊತ್ತು ಮುಂದೆ ನಡೆದೆ. ಹಿಂದೆ ಇಪ್ಪತ್ತು ಹೆಜ್ಜೆ ಬಿಟ್ಟು, ನನಗೂ ತಮಗೂ ಸಂಬಂಧವಿಲ್ಲದವರಂತೆ ಮಾವ ಬಂದರು. ಎಂಟೊಂಬತ್ತು ತಿಂಗಳ ಮೇಲೆ ಅವರು ನೀರಿನ ಕಡೆ ನಡೆದದ್ದು ಹೀಗೆ, ಕಳ್ಳನ ಹಾಗೆ.

ಹಳ್ಳದಲ್ಲಿ ಯಾರೂ ಇರಲಿಲ್ಲ. ಮಾವ ಚಪ್ಪಲಿ ಬಿಟ್ಟು ನೀರಿಗೆ ಕಾಲಿಟ್ಟು, ಸ್ವಲ್ಪ ಹೊತ್ತು ಹಾಗೇ ನಿಂತರು. ಆಮೇಲೆ ಕೋಲು ತೆಗೆದುಕೊಂಡು ಬಲೆ ಬೀಸುವವರಂತೆ ಸೊಂಟ ತಿರುಗಿಸಿ ಎಸೆದರು. ಗಾಳ ಬಂದು ನನ್ನ ಸೀರೆಗೆ ಸಿಕ್ಕಿತು. "ದೊಡ್ಡ ಮೀನು ಬಿತ್ರಿ ಮಾವ" ಎಂದೆ. ಮಾವ ನಗಲಿಲ್ಲ. ಹಣೆಯಲ್ಲಿ ಬೆವರಿತ್ತು. ಈ ಕೋಲೂ ಬೇಡವೆಂದು ಅವರು ಎದ್ದು ಹೊರಟರೆ ಆ ಹೊರಸಿನಿಂದ ಅವರನ್ನು ಇನ್ನು ಯಾರೂ ಎಬ್ಬಿಸಲಾರರೆಂದು ನನಗೆ ಗೊತ್ತಿತ್ತು. ಬಾಯಿ ಮುಚ್ಚಿಕೊಂಡು ಗಾಳ ಬಿಡಿಸಿದೆ, ಹುಳ ಚುಚ್ಚಿ ಕೊಟ್ಟೆ.

ಎರಡನೇ ಸಲ ಬೆಂಡು ಮುಳುಗಿತು. ಅವರು ಎಷ್ಟು ಜೋರಾಗಿ ಎಳೆದರೆಂದರೆ ಮೀನು ನಮ್ಮಿಬ್ಬರ ತಲೆಯ ಮೇಲೆ ಹಾರಿ ಜಾಲಿಯ ಮುಳ್ಳಿನಲ್ಲಿ ಬಿತ್ತು, ಸಿಗಲೇ ಇಲ್ಲ. ಮಾವ ತುಟಿ ಕಚ್ಚಿ ಫರ್ಸಿಯ ಮೇಲೆ ಕೂತರು. ಮೂರನೇ ಸಲ ಎಸೆಯಲಿಲ್ಲ, ಮೆಲ್ಲಗೆ ನೀರಿಗೆ ಬಿಟ್ಟರು. ಬಹಳ ಹೊತ್ತು ಏನೂ ಆಗಲಿಲ್ಲ. ಆಮೇಲೆ ಕೋಲಿನ ತುದಿ ಒಂದು ಸಲ ನಡುಗಿತು. ಅವರ ಎಡಗೈ ತಾನಾಗಿ ಎದ್ದಿತು, ಅವಸರವಿಲ್ಲದೆ.

ಬೆರಳುದ್ದದ ಮೀನು. ಬಿಳಿ ಮೈ, ಪಕ್ಕೆಯಲ್ಲಿ ಕಪ್ಪು ಗೆರೆ, ಸಣ್ಣ ಕೆಂಪು ಬಾಲ. ಮಾವ ಕೋಲನ್ನು ತೊಡೆಯ ಮೇಲಿಟ್ಟು ಅದನ್ನು ಅಂಗೈಯಲ್ಲಿ ಹಿಡಿದು ಮುಖದ ಹತ್ತಿರ ತಂದರು. ಮೀನು ಬಾಯಿ ತೆರೆದು ಮುಚ್ಚುತ್ತಿತ್ತು. ಮಾವನ ಬಾಯಿಯೂ ಹಾಗೇ ಆಗುತ್ತಿತ್ತು.

"ಇದರ ಹೆಸರೇನ್ರಿ?" ಎಂದೆ.

"ಯಾರಿಗಿ ಗೊತ್ತವಾ" ಎಂದರು. "ನನ್ನ ಬಲಿ ಕಣ್ಣು ದೊಡ್ಡವು. ಇಂಥವು ಸಾವಿರಾರು ತೂರಿ ಹೋಗ್ಯಾವ. ಹುಟ್ಟಿದಾಗಿಂದ ನೀರಾಗ ಇದ್ದೀನಿ, ಇದರ ಮಾರಿ ಒಂದ್ ದಿನಾನೂ ನೋಡಿದ್ದಿಲ್ಲ ನೋಡು."

ಬಗ್ಗಿ ಅಂಗೈಯನ್ನು ನೀರಿನೊಳಗಿಟ್ಟರು. ಮೀನು ಒಂದು ಕ್ಷಣ ಅಲ್ಲೇ ನಿಂತು, ಆಮೇಲೆ ಹೊರಟುಹೋಯಿತು. ಮಾವ ಒದ್ದೆ ಕೈಯನ್ನು ನನ್ನ ಕಡೆ ಚಾಚಿದರು.

"ಇನ್ನೊಂದು ಹುಳ ಕೊಡು."

ನನ್ನ ಕಣ್ಣು ಮಂಜಾಗಿತ್ತು, ಹುಳ ಎರಡು ಸಲ ಜಾರಿ ಬಿತ್ತು.

"ಲಗೂ ಕೊಡವಾ" ಎಂದರು ಮಾವ, ಕಣ್ಣನ್ನು ನೀರಿನಿಂದ ತೆಗೆಯದೆ. "ಅವು ಕಾಯ್ಲಿಕತ್ತಾವ."